ವ್ಯಾಟ್ ನೋಡಿ ಲೈಟ್ ಕೊಳ್ಳಬೇಡಿ: ಮೇಜಿನ ಮೇಲಿನ ಫೋಟೋಗೆ ಎಲ್‌ಇಡಿ ಆರಿಸುವ ಬಗೆ

"ಎಷ್ಟು ವ್ಯಾಟ್ ಲೈಟ್ ತಗೋಬೇಕು ಸಾರ್?" ಒಳಗೆ ಬರುವಾಗಲೇ ಮೂರ್ನಾಲ್ಕು ಜನ ಕೇಳಿದಿರಿ. ಅಲ್ಲಿಂದಲೇ ಶುರು ಮಾಡೋಣ. ಆ ಪ್ರಶ್ನೆ ಬೇಗ ಮುಗಿಯುತ್ತದೆ, ಆಮೇಲೆ ನಿಜವಾದ ವಿಷಯಕ್ಕೆ ಬರಬಹುದು.

ನೀವು ಮಾರಾಟಕ್ಕೆ ಅಂತ ಫೋಟೋ ತೆಗೆಯುವುದು ಮಸಾಲೆ ಪುಡಿ, ಬೆಳ್ಳಿ ಕುಂಕುಮ ಬಟ್ಟಲು, ಮರದ ಗೊಂಬೆ, ಕೇಕು. ಇವು ಯಾವುದೂ ಎದ್ದು ಓಡುವುದಿಲ್ಲ. ಕ್ಯಾಮೆರಾ ಟ್ರೈಪಾಡ್ ಮೇಲೆ ಕೂತಿದ್ದರೆ, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆದರೆ, ಶಟರ್ ಅರ್ಧ ಸೆಕೆಂಡ್ ತೆರೆದಿದ್ದರೂ ಫೋಟೋ ಅಲುಗುವುದಿಲ್ಲ. ಅಂದಮೇಲೆ ಬೆಳಕು ಕಡಿಮೆ ಇದ್ದರೂ ನಡೆಯುತ್ತದೆ, ಸಮಯ ಜಾಸ್ತಿ ಕೊಟ್ಟರಾಯಿತು. ಸಮಯಕ್ಕೆ ದುಡ್ಡು ಕೊಡಬೇಕಾಗಿಲ್ಲವಲ್ಲ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ವಸ್ತುವಿನ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದು, 100, ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 8, ಶಟರ್ ಒಂದು ಸೆಕೆಂಡ್ ಇಟ್ಟರೆ 160 ಲಕ್ಸ್ ಸಾಕು. ಕಾಲು ಸೆಕೆಂಡಿಗೆ 640. ಚೆನ್ನಾಗಿ ಲೈಟ್ ಹಾಕಿದ ಆಫೀಸಿನ ಮೇಜಿನ ಮೇಲೇ 300ರಿಂದ 500 ಲಕ್ಸ್ ಇರುತ್ತದೆ, ಅಷ್ಟೇ ಕಡಿಮೆ ಅದು. ಆದರೆ ಟ್ರೈಪಾಡ್ ಬೇಡ, ಕೈಯಲ್ಲೇ ಹಿಡಿದು 1/125 ಸೆಕೆಂಡಿನಲ್ಲಿ ತೆಗೆಯುತ್ತೇನೆ ಅಂತ ಹೊರಟರೆ, ಅದೇ ಫೋಟೋಗೆ 20,000 ಲಕ್ಸ್ ಬೇಕು! ಒಂದು ಟ್ರೈಪಾಡ್ ಎಷ್ಟು ವ್ಯಾಟ್ ಉಳಿಸುತ್ತದೆ ಅಂತ ನೀವೇ ನೋಡಿ. ಫೋನಿನಲ್ಲಿ ತೆಗೆಯುವವರಿಗೆ ಇನ್ನೂ ಸಲೀಸು. ಅದರ ಲೆನ್ಸ್ ಎಫ್ 1.8ರ ಆಸುಪಾಸು ತೆರೆದೇ ಇರುತ್ತದೆ. ಐಎಸ್‌ಒ 50, ಶಟರ್ 1/50 ಇಟ್ಟರೂ ಸುಮಾರು 800 ಲಕ್ಸ್‌ನಲ್ಲಿ ಕೆಲಸ ಮುಗಿಯುತ್ತದೆ.

ಉಂಗುರ, ಮೂಗುತಿ ತೆಗೆಯುವವರು ಮಾತ್ರ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಮ್ಯಾಕ್ರೊ ಲೆನ್ಸ್‌ನಲ್ಲಿ ಒಂದಕ್ಕೆ ಒಂದರಷ್ಟು, ಅಂದರೆ ವಸ್ತು ತನ್ನ ನಿಜವಾದ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡುವಷ್ಟು ಹತ್ತಿರ ಹೋದಾಗ ಸುಮಾರು ನಾಲ್ಕರಷ್ಟು ಬೆಳಕು ಬೇಕಾಗುತ್ತದೆ. ಬೆಳಕನ್ನು ಮೆದು ಮಾಡುವ ಬಟ್ಟೆಯ ಪೆಟ್ಟಿಗೆ, ಸಾಫ್ಟ್‌ಬಾಕ್ಸ್, ಹಾಕಿದರೆ ಅದೂ ಅರ್ಧವನ್ನೋ ಮುಕ್ಕಾಲನ್ನೋ ನುಂಗುತ್ತದೆ. ಇಷ್ಟೆಲ್ಲ ಸೇರಿಸಿದರೂ 60 ವ್ಯಾಟ್‌ನ ಒಂದು ಒಳ್ಳೆ ಲೈಟ್ ಮೇಜಿನ ಕೆಲಸಕ್ಕೆ ಧಾರಾಳ. ಡಬ್ಬದ ಮೇಲೆ ದೊಡ್ಡದಾಗಿ "500 ವ್ಯಾಟ್‌ಗೆ ಸಮ" ಅಂತ ಬರೆದಿರುತ್ತಾರಲ್ಲ, ಅದನ್ನು ಓದಲೇಬೇಡಿ. ಯಾವುದಕ್ಕೆ ಸಮ, ಎಷ್ಟು ದೂರದಲ್ಲಿ, ಮುಂದೆ ರಿಫ್ಲೆಕ್ಟರ್ ಇತ್ತೋ ಇಲ್ಲವೋ, ಏನೂ ಹೇಳಿರುವುದಿಲ್ಲ. ಒಂದು ಮೀಟರ್ ದೂರದಲ್ಲಿ ಎಷ್ಟು ಲಕ್ಸ್ ಅಂತ ಕೊಟ್ಟಿದ್ದರೆ ಅದನ್ನು ನೋಡಿ.

ವ್ಯಾಟ್ ಕಥೆ ಮುಗಿಯಿತು. ಉಳಿದ ದುಡ್ಡನ್ನು ಬಣ್ಣಕ್ಕೆ ಹಾಕಬೇಕು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದೇ ಇದು.

ಈ ತಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಇದೆ. ಡಬ್ಬಿ ಜಾತಿದು, ಗಿಡ್ಡಕ್ಕೆ ದಪ್ಪಗೆ ಇದೆ. ಎಡಗಡೆ ಮನೆಯಲ್ಲಿ ಹಾಕುವ ಮಾಮೂಲಿ ಎಲ್‌ಇಡಿ ಬಲ್ಬು, ಬಲಗಡೆ ಫೋಟೋಗೆ ಅಂತಲೇ ಮಾಡಿದ ಲೈಟ್. ಒಂದೊಂದೇ ಹಾಕುತ್ತೇನೆ, ಹತ್ತಿರ ಬಂದು ನೋಡಿ. ಈಗ ಎಡಗಡೆಯದು. ಮೆಣಸಿನಕಾಯಿ ಕೆಂಪಾಗೇ ಇದೆ ಅನ್ನುತ್ತೀರಿ. ಸರಿ, ಈಗ ಅದನ್ನು ಆರಿಸಿ ಬಲಗಡೆಯದು. ನೋಡಿದಿರಾ? ಸಿಪ್ಪೆಯ ಸುಕ್ಕಿನ ಒಳಗೆ ಕಪ್ಪು-ಕಂದು ಅಂತ ಕಾಣುತ್ತಿದ್ದ ಕಡೆಯಲ್ಲೂ ಈಗ ಕೆಂಪು ಇದೆ. ಸುಕ್ಕಿನ ಏಣು ಒಂದು ಕೆಂಪು, ಗುಳಿ ಇನ್ನೊಂದು ಕೆಂಪು. ಮೊದಲನೇ ಬೆಳಕಿನಲ್ಲಿ ಇದು ಹಳೇ ಸ್ಟಾಕಿನ ಹಾಗೆ ಕಾಣುತ್ತಿತ್ತು. ಬ್ಯಾಡಗಿಗೆ ಬೆಲೆ ಬರುವುದೇ ಬಣ್ಣಕ್ಕೆ, ಖಾರಕ್ಕಲ್ಲ. ಆ ಬಣ್ಣವನ್ನೇ ಲೈಟ್ ತಿಂದುಬಿಟ್ಟರೆ ನೀವು ಮಾರುವುದೇನು?

ಇದು ಯಾಕೆ ಹೀಗೆ ಅಂತ ತಿಳಿದುಕೊಂಡರೆ ಅಂಗಡಿಯವನು ನಿಮ್ಮನ್ನು ಏಮಾರಿಸುವುದು ಕಷ್ಟ. ಬಿಳಿ ಎಲ್‌ಇಡಿ ಅಂತ ನಾವು ಕರೆಯುವುದರ ಒಳಗಿರುವುದು ನೀಲಿ ಎಲ್‌ಇಡಿ. ಚೆನ್ನಾಗಿ ಬೆಳಗುವ ನೀಲಿ ಎಲ್‌ಇಡಿ ಮಾಡುವುದೇ ದೊಡ್ಡ ಸಾಹಸವಾಗಿತ್ತು, ಅದಕ್ಕೆ ಅಕಾಸಾಕಿ, ಅಮಾನೊ, ನಕಾಮುರ ಈ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆ ನೀಲಿ ಚಿಪ್ಪಿನ ಮೇಲೆ ಫಾಸ್ಫರ್ ಅನ್ನುವ ಹಳದಿ ಪುಡಿಯ ಲೇಪ ಇರುತ್ತದೆ. ಸ್ವಲ್ಪ ನೀಲಿ ಹಾಗೇ ಹೊರಗೆ ಬರುತ್ತದೆ, ಉಳಿದದ್ದನ್ನು ಪುಡಿ ಹೀರಿಕೊಂಡು ಹಳದಿಯಾಗಿ ಬಿಡುತ್ತದೆ. ನೀಲಿ, ಹಳದಿ ಸೇರಿ ಕಣ್ಣಿಗೆ ಬಿಳಿ ಅನ್ನಿಸುತ್ತದೆ. ಅನ್ನಿಸುತ್ತದೆ ಅಷ್ಟೇ. ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣವೂ ಒಂದರ ಪಕ್ಕ ಒಂದು ತುಂಬಿಕೊಂಡಿರುತ್ತದೆ. ಅಗ್ಗದ ಎಲ್‌ಇಡಿಯಲ್ಲಿ ಗಾಢ ಕೆಂಪು ತೀರಾ ಕಡಿಮೆ, ನೀಲಿ ಮತ್ತು ಹಸಿರಿನ ಮಧ್ಯೆಯೂ ಒಂದು ತಗ್ಗು. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಮೆಣಸಿನಕಾಯಿ ಎಲ್ಲಿಂದ ತಂದು ತೋರಿಸಬೇಕು? ಫೋಟೋಶಾಪ್‌ನಲ್ಲಿ ಸರಿ ಮಾಡುತ್ತೇನೆ ಅನ್ನುವವರಿದ್ದಾರೆ. ಒಟ್ಟು ಚಿತ್ರಕ್ಕೆ ಕೆಂಪು ಬಳಿಯಬಹುದು, ಆದರೆ ಏಣಿನ ಕೆಂಪಿಗೂ ಗುಳಿಯ ಕೆಂಪಿಗೂ ಇದ್ದ ವ್ಯತ್ಯಾಸವನ್ನು ಕ್ಯಾಮೆರಾ ನೋಡೇ ಇಲ್ಲವಲ್ಲ.

ಮನೆಯಲ್ಲಿ ಹಳೇ ಸಿಡಿ ಬಿದ್ದಿದ್ದರೆ ಒಂದು ಆಟ ಆಡಿ. ರಾತ್ರಿ ಬೇರೆ ಲೈಟೆಲ್ಲ ಆರಿಸಿ, ಒಂದೇ ಬಲ್ಬಿನ ಬೆಳಕನ್ನು ಸಿಡಿ ಮೇಲೆ ಓರೆಯಾಗಿ ಬೀಳಿಸಿ ಅದರ ಕಾಮನಬಿಲ್ಲು ನೋಡಿ. ಹಳೇ ಸಿಎಫ್‌ಎಲ್‌ದಾದರೆ ತುಂಡು ತುಂಡು ಬಣ್ಣ ಕಾಣುತ್ತದೆ. ಎಲ್‌ಇಡಿಯದರಲ್ಲಿ ನೀಲಿ ಜೋರಾಗಿ, ಪಕ್ಕದಲ್ಲೇ ಒಂದು ಮಬ್ಬು ಜಾಗ, ಆಮೇಲೆ ಹಸಿರು, ಹಳದಿ. ಯಾವ ಲೈಟ್ ಕೊಳ್ಳಬೇಕು ಅಂತ ತೀರ್ಮಾನಿಸುವುದಕ್ಕೆ ಇದು ಸಾಕಾಗುವುದಿಲ್ಲ, ಆದರೆ ನಾನು ಹೇಳಿದ್ದು ಕಣ್ಣಿಗೇ ಕಾಣುತ್ತದೆ. ಮಕ್ಕಳಿಗೂ ಖುಷಿ.

ಈಗ ಡಬ್ಬದ ಮೇಲಿನ ಸಿಆರ್‌ಐ ಅನ್ನುವ ಅಂಕಿ, ಅಂದರೆ ಲೈಟ್ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದರ ಅಳತೆ. 100ಕ್ಕೆ ಎಷ್ಟು ಅಂತ ಕೊಟ್ಟಿರುತ್ತಾರೆ. ಎಲ್ಲರೂ "ಸಿಆರ್‌ಐ 90+" ಅಂತ ಹಾಕುತ್ತಾರೆ, ನಾವೂ 90 ಅಂದರೆ ಡಿಸ್ಟಿಂಕ್ಷನ್ ಅಂದುಕೊಳ್ಳುತ್ತೇವೆ. ಈ ಅಂಕಿ ಬರುವುದು ಎಂಟು ಬಣ್ಣದ ಸರಾಸರಿಯಿಂದ. ಎಂಟೂ ತೆಳು ಬಣ್ಣ, ಸೌಮ್ಯವಾದವು. ಗಾಢ ಕೆಂಪು ಇರುವುದು ಒಂಬತ್ತನೆಯ ಮಾದರಿಯಲ್ಲಿ, ಅದನ್ನು ಆರ್9 ಅನ್ನುತ್ತಾರೆ, ಅದು ಸರಾಸರಿಗೆ ಸೇರುವುದೇ ಇಲ್ಲ. ಎಂಟು ಸಬ್ಜೆಕ್ಟಿನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದ ಹುಡುಗ ಒಂಬತ್ತನೇದರಲ್ಲಿ ಸೊನ್ನೆ ತೆಗೆದರೂ ಮಾರ್ಕ್ಸ್ ಕಾರ್ಡಿನಲ್ಲಿ ಅದು ಕಾಣುವುದೇ ಇಲ್ಲ ಅಂದ ಹಾಗೆ. ಸಿಆರ್‌ಐ 80ರ ಮನೆ ಬಲ್ಬುಗಳಲ್ಲಿ ಆರ್9 ಸೊನ್ನೆಯ ಹತ್ತಿರ ಇರುವುದು ಮಾಮೂಲು, ಕೆಲವದರಲ್ಲಿ ಸೊನ್ನೆಗಿಂತ ಕೆಳಗೂ ಹೋಗುತ್ತದೆ.

ನಮ್ಮ ವಸ್ತುಗಳನ್ನು ನೆನಪು ಮಾಡಿಕೊಳ್ಳಿ. ಕುಂಕುಮ, ಗಾಜಿನ ಬಳೆ, ಇಳಕಲ್ ಸೀರೆಯ ಕೆಂಪು ಸೆರಗು, ಟೊಮೆಟೊ ಗೊಜ್ಜು, ಬೀಟ್‌ರೂಟ್ ಹಲ್ವಾ, ಚನ್ನಪಟ್ಟಣದ ಗೊಂಬೆಯ ಅರಗಿನ ಕೆಂಪು. ಮನುಷ್ಯರ ಕೈ ಫ್ರೇಮಿನಲ್ಲಿ ಬಂದರೆ ಚರ್ಮದಲ್ಲೂ ಕೆಂಪಿದೆ. ಹಾಗಾಗಿ ನನ್ನ ಸಲಹೆ: ಸಿಆರ್‌ಐ 95ಕ್ಕಿಂತ ಮೇಲಿರಲಿ, ಆರ್9 90ರ ಹತ್ತಿರ ಇರಲಿ. ಆರ್9 ಎಲ್ಲೂ ಬರೆದಿಲ್ಲವಾದರೆ ಕೇಳಿ. ಉತ್ತರ ಬರದಿದ್ದರೆ ಆ ಲೈಟ್ ಬಿಟ್ಟು ಮುಂದೆ ಹೋಗಿ. ಒಳ್ಳೆ ಅಂಕಿ ಇದ್ದವರು ಅದನ್ನು ಮುಚ್ಚಿಡುವುದಿಲ್ಲ.

ಇನ್ನೂ ಎರಡು ಅಂಕಿ ಕೆಲವು ಕಡೆ ಸಿಗುತ್ತವೆ. ಟಿಎಲ್‌ಸಿಐ ಅನ್ನುವುದನ್ನು ಯುರೋಪಿನ ಟೀವಿ ಪ್ರಸಾರಕರ ಒಕ್ಕೂಟ 2012ರಲ್ಲಿ ತಂದಿತು, ಅದು ಕಣ್ಣಿನ ಬದಲು ಟೀವಿ ಕ್ಯಾಮೆರಾವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಟಿಎಂ-30 ಅಂತ 2015ರಲ್ಲಿ ಅಮೆರಿಕದಲ್ಲಿ ಬಂದದ್ದು ಎಂಟರ ಬದಲು 99 ಬಣ್ಣ ಪರೀಕ್ಷೆ ಮಾಡುತ್ತದೆ. ಇದ್ದರೆ ನೋಡಿ, ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಅಂಕಿಯಲ್ಲಿ ಸಿಗದ್ದು ಒಂದಿದೆ, ಅದು ಹಸಿರು ಛಾಯೆ. ಎರಡು ಕಂಪನಿಯ ಲೈಟ್, ಎರಡರ ಮೇಲೂ 5600 ಕೆಲ್ವಿನ್, ಅಂದರೆ ಹಗಲಿನ ಬಿಳಿ, ಅಂತಲೇ ಬರೆದಿದೆ, ಅಕ್ಕಪಕ್ಕ ಬಿಳಿ ಹಾಳೆಯ ಮೇಲೆ ಬಿಟ್ಟರೆ ಒಂದು ಸ್ವಲ್ಪ ಹಸಿರು, ಇನ್ನೊಂದು ಸ್ವಲ್ಪ ಗುಲಾಬಿ. ಒಂದೇ ಲೈಟ್ ಆದರೆ ಬೂದು ಬಣ್ಣದ ಗ್ರೇ ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ ಮಾಡಿದಾಗ, ಅಂದರೆ ಈ ಬೆಳಕಿನಲ್ಲಿ ಯಾವುದು ಬಿಳಿ ಅಂತ ಕ್ಯಾಮೆರಾಗೆ ಹೇಳಿಕೊಟ್ಟಾಗ, ಸರಿಹೋಗುತ್ತದೆ. ಎರಡು ಥರದ್ದು ಬೆರೆತರೆ ಗೊಂಬೆಯ ಎಡ ಕೆನ್ನೆ ಒಂದು ಬಣ್ಣ, ಬಲ ಕೆನ್ನೆ ಇನ್ನೊಂದು. ಅದಕ್ಕೇ ಎರಡು ಲೈಟ್ ಬೇಕು ಅನ್ನಿಸಿದರೆ ಒಂದೇ ಕಂಪನಿಯ ಒಂದೇ ಮಾಡೆಲ್ ತೆಗೆದುಕೊಳ್ಳಿ. ಇನ್ನೂ ಒಳ್ಳೆಯದು, ಒಂದು ಲೈಟ್ ತೆಗೆದುಕೊಂಡು ಇನ್ನೊಂದು ಕಡೆ ಬೆಳಕನ್ನು ವಾಪಸ್ ಎಸೆಯಲು ಬಿಳಿ ಥರ್ಮೊಕೋಲ್ ಹಲಗೆ ನಿಲ್ಲಿಸಿ. ಮೇಜಿನ ಕೆಲಸದಲ್ಲಿ ಬಹಳಷ್ಟು ಸಲ ಎರಡನೇ ಲೈಟ್ ಬೇಕಾಗುವುದೇ ಇಲ್ಲ.

ಇದರ ಜೊತೆಗೇ, ಫೋಟೋ ತೆಗೆಯುವಾಗ ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಕಿಟಕಿಗೆ ದಪ್ಪ ಪರದೆ ಎಳೆಯಿರಿ. ತಿಳಿಹಸಿರು ಗೋಡೆ ಇರುವ ಕೋಣೆಯಾದರೆ ಗೋಡೆಯಿಂದಲೂ ಹಸಿರು ಬಂದು ಬೀಳುತ್ತದೆ, ಮೇಜನ್ನು ಗೋಡೆಯಿಂದ ದೂರ ಎಳೆಯಿರಿ. ಫೋನಿನವರು ಆಟೋ ವೈಟ್ ಬ್ಯಾಲೆನ್ಸ್ ಬಿಟ್ಟು ಕೈಯಾರೆ ಒಂದು ಅಂಕಿ ಇಟ್ಟು ಬಿಡಿ, ಇಲ್ಲದಿದ್ದರೆ ಅರಿಶಿನ ಪುಡಿ ಇಟ್ಟಾಗ ಒಂದು ಹಿನ್ನೆಲೆ, ಧನಿಯಾ ಪುಡಿ ಇಟ್ಟಾಗ ಇನ್ನೊಂದು ಹಿನ್ನೆಲೆ ಬರುತ್ತದೆ. ಕ್ಯಾಟಲಾಗಿನಲ್ಲಿ ಸಾಲಾಗಿ ಹಾಕಿದಾಗ ಅಸಹ್ಯವಾಗಿ ಕಾಣುತ್ತದೆ.

ಬೈಕಲರ್ ಬೇಕಾ ಅಂತ ಆ ಕಡೆಯವರು ಕೇಳಿದ್ದಿರಿ. ಬೈಕಲರ್ ಅಂದರೆ ಹಳದಿ ಬೆಳಕಿನಿಂದ ಹಗಲಿನ ಬಿಳಿವರೆಗೆ ತಿರುಗಿಸಬಹುದಾದ ಲೈಟ್. ಒಳಗೆ ಎರಡು ಥರದ ಎಲ್‌ಇಡಿ ಇರುತ್ತದೆ. ಪೂರ್ತಿ 5600ಕ್ಕೆ ಇಟ್ಟಾಗ ಸಾಮಾನ್ಯವಾಗಿ ಅದರಲ್ಲಿ ಒಂದು ಗುಂಪು ಮಾತ್ರ ಉರಿಯುತ್ತದೆ, ಇನ್ನೊಂದು ಸುಮ್ನೆ ಕೂತಿರುತ್ತದೆ. ದುಡ್ಡು ಎರಡಕ್ಕೂ ಕೊಟ್ಟಿರುತ್ತೀರಿ. ಕೋಣೆ ಕತ್ತಲು ಮಾಡಿ ಒಂದೇ ಲೈಟಿನಲ್ಲಿ ತೆಗೆಯುವವರಿಗೆ ಬರೀ ಡೇಲೈಟ್ ಲೈಟ್ ಸಾಕು, ಬೆಚ್ಚಗಿನ ಬಣ್ಣ ಬೇಕಾದರೆ ಕ್ಯಾಮೆರಾದಲ್ಲೇ ವೈಟ್ ಬ್ಯಾಲೆನ್ಸ್ ತಿರುಗಿಸಿ. ಬೈಕಲರ್ ನಿಜವಾಗಿ ಬೇಕಾಗುವುದು ಹಿತ್ತಾಳೆ ದೀಪ ಮಾರುವವರಿಗೆ. ದೀಪ ಹಚ್ಚಿಟ್ಟು ಫೋಟೋ ತೆಗೆಯುತ್ತೀರಿ, ಎಣ್ಣೆ ದೀಪದ ಜ್ವಾಲೆ 2000 ಕೆಲ್ವಿನ್‌ನ ಆಸುಪಾಸು, ಪಕ್ಕದಲ್ಲಿ 5600 ಬಿಟ್ಟರೆ ಹಿತ್ತಾಳೆ ನೀಲಿಗಟ್ಟುತ್ತದೆ, ಇಲ್ಲವೇ ಜ್ವಾಲೆ ಕಿತ್ತಳೆಯ ಉಂಡೆಯಾಗುತ್ತದೆ. ಆಗ ಲೈಟನ್ನು 2700ಕ್ಕೋ 3200ಕ್ಕೋ ಇಳಿಸಿದರೆ ಎರಡೂ ಹೊಂದಿಕೊಳ್ಳುತ್ತವೆ. ಬಣ್ಣ ಬಣ್ಣದ ಆರ್‌ಜಿಬಿ ಲೈಟ್ ರೀಲ್ಸ್‌ಗೆ ಚೆಂದ. ಬರೀ ಕೆಂಪು, ಹಸಿರು, ನೀಲಿ ಸೇರಿಸಿ ಮಾಡಿದ ಬಿಳಿಯಲ್ಲಿ ಮಾತ್ರ ಸಾಮಾನಿನ ಫೋಟೋ ತೆಗೆಯಬೇಡಿ.

ಮಿನುಗು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ, ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬರುತ್ತದೆ. ಇನ್ನು ಕೆಲವು ಲೈಟುಗಳು ಫುಲ್ ಇಟ್ಟಾಗ ಸರಿಯಾಗೇ ಇರುತ್ತವೆ, ಡಿಮ್ ಮಾಡಿದ ಕೂಡಲೇ ಪಟಪಟ ಆನ್-ಆಫ್ ಆಗಿ ಬೆಳಕು ಕಡಿಮೆ ಮಾಡುತ್ತವೆ. ಪರೀಕ್ಷೆ ಸುಲಭ: ಫೋನಿನ ಸ್ಲೋ ಮೋಷನ್‌ನಲ್ಲಿ 240 ಫ್ರೇಮ್ ಇಟ್ಟು, ಲೈಟ್ ಬಿದ್ದ ಗೋಡೆಯನ್ನು ಫುಲ್‌ನಲ್ಲಿ ಒಮ್ಮೆ, ಕಾಲು ಭಾಗಕ್ಕೆ ಇಳಿಸಿ ಒಮ್ಮೆ ತೆಗೆಯಿರಿ. ಗೋಡೆ ಉಸಿರಾಡಿದಂತೆ ಕಂಡರೆ ವಾಪಸ್ ಕಳಿಸಿ, ಅದಕ್ಕೇ ವಾಪಸಿನ ಅವಧಿ ಇರುವುದು. ಸದ್ಯಕ್ಕೆ ಅಂಥ ಲೈಟೇ ಗತಿ ಅಂದರೆ ಶಟರ್ 1/50 ಅಥವಾ 1/100 ಇಟ್ಟರೆ 100 ಹರ್ಟ್ಸ್‌ನ ಪಟ್ಟೆ ತಪ್ಪುತ್ತದೆ, ಡಿಮ್ಮರ್‌ನ ಪಟ್ಟೆಗೆ ಅದು ಔಷಧಿಯಲ್ಲ.

ಈಗ ಲೈಟಿನ ಆಕಾರ. ಅಂಗಡಿಯಲ್ಲಿ ಮೂರು ಥರ ಸಿಗುತ್ತದೆ. ರಿಂಗ್ ಲೈಟ್, ಚಪ್ಪಟೆ ಪ್ಯಾನಲ್, ಮತ್ತು ಸಿಒಬಿ, ಅಂದರೆ ಒಂದೇ ದೊಡ್ಡ ಹಳದಿ ಬಿಲ್ಲೆಯಂಥ ಎಲ್‌ಇಡಿ ಇರುವ ತಲೆ. ರಿಂಗ್ ಲೈಟ್ ಮುಖಕ್ಕೆ ಮಾಡಿದ್ದು. ಸ್ಟೀಲ್ ಲೋಟದ ಮುಂದೆ ಇಟ್ಟರೆ ಲೋಟದೊಳಗೆ ಒಂದು ಬಿಳಿ ಬಳೆ, ಅದರ ಮಧ್ಯೆ ನಿಮ್ಮ ಫೋನು, ನೀವು. ಪ್ಯಾನಲ್ ಹಗುರ, ಬ್ಯಾಟರಿಯಲ್ಲಿ ಓಡುತ್ತದೆ, ಆದರೆ ಬರಿದಾಗಿ ಬಳಸಿದರೆ ನೂರಾರು ಪುಟ್ಟ ಎಲ್‌ಇಡಿಗಳು ಹೊಳೆಯುವ ವಸ್ತುವಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಮೂಡುತ್ತವೆ. ನಾನಾದರೆ ಸಿಒಬಿ ತೆಗೆದುಕೊಳ್ಳುತ್ತೇನೆ. ಬೆಳಕು ಒಂದೇ ಕಡೆಯಿಂದ ಬರುತ್ತದೆ, ಅದನ್ನು ಬೇಕಾದ ಹಾಗೆ ಪಳಗಿಸಬಹುದು. ಬೋವೆನ್ಸ್ ಮೌಂಟ್ ಇದೆಯಾ ನೋಡಿ. ಬೋವೆನ್ಸ್ ಅನ್ನುವುದು ಬ್ರಿಟನ್ನಿನ ಕಂಪನಿ, 2017ರಲ್ಲಿ ಬಾಗಿಲು ಹಾಕಿತು. ಕಂಪನಿ ಹೋಯಿತು, ಅದರ ಮೂತಿ ಉಳಿಯಿತು. ಇವತ್ತು ಯಾರ ಸಾಫ್ಟ್‌ಬಾಕ್ಸ್ ಬೇಕಾದರೂ ಯಾರ ಲೈಟಿಗೆ ಬೇಕಾದರೂ ಕೂರುವುದು ಆ ಮೂತಿಯಿಂದಲೇ.

ಬೆಳಕು ಮೃದುವಾಗುವುದು ಲೈಟಿನ ಬೆಲೆಯಿಂದಲ್ಲ, ವಸ್ತುವಿಗೆ ಕಾಣುವ ಅದರ ಗಾತ್ರದಿಂದ. ಒಂದು ಗೇಣಿನ ಗೊಂಬೆಗೆ ಅರವತ್ತು ಸೆಂಟಿಮೀಟರ್ ಅಗಲದ ಟ್ರೇಸಿಂಗ್ ಪೇಪರ್ ಹತ್ತಿರದಲ್ಲಿ ತೂಗುಬಿಟ್ಟರೆ ಅದೇ ದೊಡ್ಡ ಕಿಟಕಿ. ಅದೇ ಹಾಳೆ ಎರಡು ಮೀಟರ್ ಆಚೆ ಹೋದರೆ ಬರೀ ಒಂದು ಬಲ್ಬು. ಹಾಗಾಗಿ ಹಾಳೆ ವಸ್ತುವಿಗೆ ಹತ್ತಿರ, ಲೈಟ್ ಹಾಳೆಯಿಂದ ಸ್ವಲ್ಪ ದೂರ. ಎಂಜಿನಿಯರಿಂಗ್ ಸ್ಟೇಷನರಿ ಅಂಗಡಿಯಲ್ಲಿ ರೋಲ್ ಸಿಗುತ್ತದೆ. ಹಳೇ ಬಿಳಿ ಪಂಚೆಯೂ ನಡೆಯುತ್ತದೆ, ಆದರೆ ತೊಳೆದು ತೊಳೆದು ಹಳದಿಯಾಗಿರುತ್ತದೆ, ಗ್ರೇ ಕಾರ್ಡ್ ಇಟ್ಟೇ ವೈಟ್ ಬ್ಯಾಲೆನ್ಸ್ ಮಾಡಿ. ಎಲ್‌ಇಡಿ ತಣ್ಣಗಿರುತ್ತದೆ ಅಂತ ನಂಬಿ ಹಾಳೆಯನ್ನು ಲೈಟಿನ ತಲೆಗೇ ಸುತ್ತಬೇಡಿ, ಅದು ತಿನ್ನುವ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವೇ ಆಗುತ್ತದೆ.

ಹೊಳೆಯುವ ವಸ್ತುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಬಿದರಿ ತಟ್ಟೆ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡಿದ್ದು. ಕಪ್ಪು ಕಪ್ಪಾಗಿ, ಬೆಳ್ಳಿ ಬೆಳ್ಳಗೆ ಕಾಣಬೇಕು, ಅಷ್ಟೇ ತಾನೇ ನಮಗೆ ಬೇಕಿರುವುದು? ಈಗ ಲೈಟನ್ನು ಪಕ್ಕದಿಂದ ಬಿಡುತ್ತೇನೆ, ಎಷ್ಟು ಜೋರು ಬೇಕಾದರೂ ಬಿಡುತ್ತೇನೆ. ಬೆಳ್ಳಿಯ ಬಳ್ಳಿ ಮಂಕಾಗಿದೆ, ಕೆಲವು ಕಡೆ ಕಪ್ಪೇ ಆಗಿದೆ. ಯಾಕೆ? ಬೆಳ್ಳಿ ಕನ್ನಡಿ. ಕನ್ನಡಿಗೆ ತನ್ನದೇ ಬಣ್ಣ ಇಲ್ಲ, ಎದುರಿಗಿರುವುದನ್ನು ತೋರಿಸುತ್ತದೆ. ಕ್ಯಾಮೆರಾ ಇರುವ ಕಡೆಯಿಂದ ನೋಡಿದಾಗ ಈ ತಟ್ಟೆಯಲ್ಲಿ ಕಾಣುತ್ತಿರುವುದು ಮೇಲಿನ ಕತ್ತಲೆ ಸೂರು. ಈಗ ಟ್ರೇಸಿಂಗ್ ಪೇಪರನ್ನು ತಟ್ಟೆಯ ಹಿಂದೆ, ಮೇಲಿನಿಂದ ಇಳಿಬಿಟ್ಟು ಅದರ ಹಿಂದೆ ಲೈಟ್ ಇಡುತ್ತೇನೆ. ಲೈಟ್ ಅದೇ, ವ್ಯಾಟ್ ಅದೇ. ಬಳ್ಳಿಯ ಒಂದೊಂದು ಎಲೆಯೂ ಹತ್ತಿಕೊಂಡಿತು, ಅಲ್ವಾ? ಕಪ್ಪು ಮೈ ಅದೇ ಹಾಳೆಯನ್ನು ಬಹಳ ಕಡಿಮೆ ತೋರಿಸುತ್ತದೆ, ಹಾಗಾಗಿ ಬೆಳ್ಳಿಗೆ ಸರಿಯಾಗಿ ಎಕ್ಸ್‌ಪೋಷರ್ ಇಟ್ಟಾಗ ಅದು ಕಪ್ಪಾಗೇ ನಿಲ್ಲುತ್ತದೆ.

ಇದೇ ಬೆಳ್ಳಿ ಚೊಂಬಾದರೆ ಸುತ್ತಲೂ ಬಿಳಿ ಮಾಡಿದರೆ ಅಂಚೇ ಮಾಯ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಚೊಂಬು ಕರಗಿಹೋಗುತ್ತದೆ. ಆಗ ಎರಡು ಪಕ್ಕದಲ್ಲೂ ಫ್ರೇಮಿನ ಆಚೆಗೆ ಕಪ್ಪು ಚಾರ್ಟ್ ಪೇಪರಿನ ಪಟ್ಟಿ ನಿಲ್ಲಿಸಿ, ಅಂಚಿಗೆ ತೆಳ್ಳನೆ ಕಪ್ಪು ಗೆರೆ ಬಂದು ಆಕಾರ ಎದ್ದು ಕಾಣುತ್ತದೆ. ಕಪ್ಪು ಅಂಗಿ ಹಾಕಿಕೊಂಡು ತೆಗೆಯಿರಿ, ಕೆಂಪು ಅಂಗಿ ಹಾಕಿದರೆ ಚೊಂಬಿನ ಹೊಟ್ಟೆಯಲ್ಲಿ ನೀವೇ ಇರುತ್ತೀರಿ. ಲೆನ್ಸಿಗೆ ಪೊಲರೈಸರ್ ಫಿಲ್ಟರ್ ಹಾಕಿದರೆ ಆ ಪ್ರತಿಬಿಂಬ ಹೋಗುತ್ತದೆ ಅಂತ ಯಾರೋ ಹೇಳಿರುತ್ತಾರೆ, ಬರಿ ಲೋಹದ ಮೇಲೆ ಅದರ ಆಟ ನಡೆಯುವುದಿಲ್ಲ. ಗಾಜು, ಅರಗು, ವಾರ್ನಿಶ್ ಮೇಲೆ ನಡೆಯುತ್ತದೆ, ಅದೂ ಕೆಲವು ಕೋನದಲ್ಲಿ. ಆದರೆ ಚನ್ನಪಟ್ಟಣದ ಗೊಂಬೆಯ ಹೊಳಪನ್ನೆಲ್ಲ ಹಾಗೆ ತೆಗೆದುಹಾಕಬೇಡಿ. ಲೇತ್ ಮೇಲೆ ತಿರುಗುವಾಗ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿದ್ದು ಅದು, ಹೊಳಪೇ ಅದರ ಗುರುತು. ಪೂರ್ತಿ ಒರೆಸಿದರೆ ಪೇಂಟ್ ಬಳಿದ ಮರದ ಹಾಗೆ ಒಣಒಣ ಕಾಣುತ್ತದೆ. ಅದರ ಬದಲು ಕಿರಿದಾಗಿ ಉದ್ದವಾದ ಹಾಳೆಯ ಪಟ್ಟಿಯಿಂದ ಬೆಳಕು ಬಿಡಿ, ಗುಂಡಗಿನ ಮೈ ಮೇಲೆ ತಲೆಯಿಂದ ಕಾಲಿನವರೆಗೆ ಒಂದೇ ನೀಟಾದ ಬಿಳಿ ಗೆರೆ ಬೀಳುತ್ತದೆ.

ಕೊನೆಗೆ, ಓಡಾಡುವ ವಸ್ತುಗಳು. ಇಷ್ಟು ಹೊತ್ತು ವ್ಯಾಟ್ ಬೇಡ ಅಂದೆ, ಇಲ್ಲಿ ಮಾತ್ರ ಬೇಕು. ಫಿಲ್ಟರ್ ಕಾಫಿಯ ಹಬೆ ತೆಗೆಯಲು 1/250 ಶಟರ್, ಎಫ್ 4, ಐಎಸ್‌ಒ 800 ಇಟ್ಟರೆ 1250 ಲಕ್ಸ್ ಬೇಕು, ಇದು ಕಷ್ಟವಲ್ಲ. ಲೈಟ್ ಹಿಂದಿನಿಂದ ಬರಲಿ, ಹಿನ್ನೆಲೆ ಕಪ್ಪಾಗಿರಲಿ, ಇಲ್ಲದಿದ್ದರೆ ಹಬೆ ಕಾಣುವುದೇ ಇಲ್ಲ. ಆದರೆ ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವ ಕಾಫಿಯ ಹನಿ ನಿಲ್ಲಿಸಬೇಕು ಅಂದರೆ 1/2000 ಬೇಕು, ಅದೇ ಸೆಟ್ಟಿಂಗಿನಲ್ಲಿ 10,000 ಲಕ್ಸ್. ಅದಕ್ಕೆ ಅಂತ ದೊಡ್ಡ ಎಲ್‌ಇಡಿ ಕೊಳ್ಳುವ ಬದಲು ಒಂದು ಮಾಮೂಲಿ ಕ್ಯಾಮೆರಾ ಫ್ಲ್ಯಾಶ್ ತೆಗೆದುಕೊಳ್ಳಿ. ಕಡಿಮೆ ಪವರಿನಲ್ಲಿ ಅದು ಹತ್ತಿ ಆರುವುದು 1/10,000 ಸೆಕೆಂಡಿಗಿಂತಲೂ ಬೇಗ. ವಿಡಿಯೋ ಮಾಡುವವರು 25 ಫ್ರೇಮ್, ಶಟರ್ 1/50 ಇಡಿ. ಲೈಟ್ ಕೊಳ್ಳುವ ಮುಂಚೆ ಫ್ಯಾನಿನ ಸದ್ದು ಕೇಳಿ ನೋಡಿ, ಒಗ್ಗರಣೆಯ ಚಟಪಟ ರೆಕಾರ್ಡ್ ಮಾಡಲು ಹೋದಾಗ ಲೈಟಿನ ಫ್ಯಾನ್ ಗುಂಯ್ ಅಂದರೆ ಆ ಶಬ್ದ ತೆಗೆಯುವುದು ತಲೆನೋವು. ಸ್ಟ್ಯಾಂಡ್ ಗಟ್ಟಿ ಇರಲಿ, ಕಾಲಿಗೊಂದು ಮರಳಿನ ಚೀಲ ಕಟ್ಟಿ. ಕರೆಂಟ್ ಹೋಗುವ ಊರಿನವರು ಬ್ಯಾಟರಿ ಹಾಕಬಹುದಾದ ಮಾಡೆಲ್ ನೋಡಿ.

ಬಜೆಟ್ ತೀರಾ ಕಡಿಮೆ ಇದೆ ಅಂದವರಿಗೆ: ಒಂದು ಡೇಲೈಟ್ ಸಿಒಬಿ, ಒಂದು ಟ್ರೈಪಾಡ್, ಒಂದು ರೋಲ್ ಟ್ರೇಸಿಂಗ್ ಪೇಪರ್, ಎರಡು ಥರ್ಮೊಕೋಲ್, ಎರಡು ಕಪ್ಪು ಚಾರ್ಟ್, ಒಂದು ಗ್ರೇ ಕಾರ್ಡ್. ಸಿಒಬಿಗೂ ಈಗ ದುಡ್ಡಿಲ್ಲವಾದರೆ ಮಿಕ್ಕಿದ್ದನ್ನೆಲ್ಲ ಮೊದಲು ಕೊಂಡು, ಬೆಳಗ್ಗೆ ಉತ್ತರದ ಕಿಟಕಿ ಪಕ್ಕ ಮೇಜು ಹಾಕಿ ಶುರು ಮಾಡಿ. ಈಗ ಯಾರು ಬೆಳ್ಳಿ ಸಾಮಾನು ತಂದಿದ್ದೀರೋ ಅವರು ಮುಂದೆ ಬನ್ನಿ, ಇದೇ ಹಾಳೆಯಲ್ಲಿ ಇಟ್ಟು ನೋಡೋಣ.